ಮೊದಲನೆಯ ಸಾಲು

ಆ ಬೆಳಗ್ಗೆ ನೆರಳಹಾಳದ ಒಂದನೇ ನಂಬರಿನ ಮನೆಯಲ್ಲಿ ಮಾಬಮ್ಮನಿಗೆ ನಲ್ಲಿ ನೀರು ಕೊಡಲಿಲ್ಲ. ಅವಳು ಕೊಡ ಇಟ್ಟಳು, ಕೈ ಒಡ್ಡಿದಳು, ನಲ್ಲಿಯ ಮೂತಿಗೆ ಎರಡೇಟು ಹಾಕಿದಳು. ಮೇಲಿನ ಸಣ್ಣ ದೀಪ ಕೆಂಪಗೇ ಉಳಿಯಿತು. ಗಂಡ ಖಾಜಾಸಾಬ ಬಂದು ಕೈ ಒಡ್ಡಿದ ಕೂಡಲೇ ದೀಪ ಹಸಿರಾಗಿ ನೀರು ಸುರಿಯಿತು.

"ನಿನ್ ಮ್ಯಾಲ ನಲ್ಲಿಗೂ ಸಿಟ್ಟು ಬಂದೈತಿ ನೋಡು," ಎಂದು ಅವನು ನಕ್ಕ.

ನಗು ಮುಗಿಯುವಷ್ಟರಲ್ಲಿ ಗೋಡೆಯಿಂದ ಬರುತ್ತಿದ್ದ ತಂಪು ಗಾಳಿ ನಿಂತುಹೋಯಿತು. ಮನೆ ಮಾತಾಡಿತು: "ಮನೆಯಲ್ಲಿ ಗುರುತಿಲ್ಲದ ವ್ಯಕ್ತಿ ಇದ್ದಾರೆ. ಅವರು ಹೊರಗೆ ಹೋಗುವ ತನಕ ತಂಪು ಇರುವುದಿಲ್ಲ."

ಆ ಮನೆಗೆ ಕಟ್ಟಿಗೆ ಕಲ್ಲು ಹೊತ್ತವಳು ಮಾಬಮ್ಮ. ಅವಳೇ ಈಗ ಗುರುತಿಲ್ಲದ ವ್ಯಕ್ತಿ. ಅವಳು ಹೊರಗೆ ಹೋಗದಿದ್ದರೆ ಗಂಡ ಬೇಯುತ್ತಾನೆ. ತನ್ನನ್ನು ಒಳಗೆ ಬಿಟ್ಟು ಅವಳೊಬ್ಬಳೇ ಹೋಗಲು ಅವನು ಒಪ್ಪಲಿಲ್ಲ. ಇಬ್ಬರೂ ಚಾಪೆ ಸುತ್ತಿಕೊಂಡು ಊರಿನ ಅಗಸಿಗೆ ಬಂದು ಕೂತರು. ಮರುದಿನ ಬೆಳಗ್ಗೆ ಖಾಜಾಸಾಬ ಒಳಗಿಂದ ಒಂದಿಷ್ಟು ಮಜ್ಜಿಗೆ ತರುತ್ತೇನೆಂದು ಎದ್ದ. ಅವನಿಗೂ ಬಾಗಿಲು ತೆರೆಯಲಿಲ್ಲ.

ನೆರಳಹಾಳ ಒಂದೇ ದೊಡ್ಡ ಚಾವಣಿಯ ಕೆಳಗಿರುವ ಊರು. ಕೃಷ್ಣಾ ತುಂಗಭದ್ರೆಗಳ ನಡುವಿನ ಆ ನೆಲದಲ್ಲಿ ಬಿಸಿಲು ಮನುಷ್ಯರ ಮೈ ತಾಳುವ ಮಿತಿ ದಾಟಿದ ಮೇಲೆ ಕಟ್ಟಿದ್ದು. ಚಾವಣಿಯ ಒಳಗೆ ತಂಪು. ಹೊರಗೆ, ಊರ ಬಾಗಿಲ ಆಚೆ, ಅಗಸಿ ಕಟ್ಟೆ. ಸಾಮಾನು ತರುವ ಲಾರಿಯವರು ಕಾಯಲೆಂದು ಕಲ್ಲು ಹಾಸಿ ತಗಡು ಹೊದಿಸಿದ ಜಾಗ. ಅಲ್ಲಿ ಒಂದು ನಲ್ಲಿಯಿದೆ. ಅದಕ್ಕೆ ಯಾರ ಗುರುತೂ ಬೇಡ. ತಂಪು ಮಾತ್ರ ಇಲ್ಲ. ಖಾಜಾಸಾಬನ ವಯಸ್ಸಿನವರಿಗೆ ಅದು ಇರುವ ಜಾಗವಲ್ಲ. ವಾರ ತುಂಬುವ ಮೊದಲೇ ಅವನು ಅಲ್ಲೇ, ತಗಡಿನ ನೆರಳಲ್ಲಿ, ಮಾಬಮ್ಮನ ತೊಡೆಯ ಮೇಲೆ ತಲೆಯಿಟ್ಟು ಸತ್ತ. ಅಷ್ಟರಲ್ಲಿ ಎರಡನೇ ಮನೆಯವರು ಒಬ್ಬೊಬ್ಬರಾಗಿ, ದಿನಕ್ಕೊಬ್ಬರಂತೆ, ಚಾಪೆ ಸುತ್ತಿಕೊಂಡು ಅಗಸಿಗೆ ಬಂದು ಸೇರಿದ್ದರು.

ಊರಿನ ಬಾಗಿಲು, ನೀರು, ತಂಪು ಎಲ್ಲ ಯಂತ್ರದ ಕೈಯಲ್ಲಿ. ಯಂತ್ರಕ್ಕೆ ಮನುಷ್ಯರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನೊಳಗೆ ತಾನೇ ಮಾಡಿಕೊಂಡ ಗೊಂಬೆಗಳು. ಓದಿದವರು ಅದಕ್ಕೆ ಆಬ್ಜೆಕ್ಟ್ ಎನ್ನುತ್ತಾರೆ. ಕಂಟ್ರೋಲ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಗೊಂಬೆಯೇ. ಊರಲ್ಲಿ ಎಷ್ಟು ಜನವೋ ಯಂತ್ರದಲ್ಲಿ ಅಷ್ಟು ಗೊಂಬೆ. ಮನುಷ್ಯ ಬಾಗಿಲ ಮುಂದೆ ನಿಂತರೆ ಬಾಗಿಲು ಒಳಗೆ ಹೋಗಿ ಅವನ ಗೊಂಬೆಯನ್ನು ಕೇಳುತ್ತದೆ: ಇವನನ್ನು ಬಿಡಲೇ? ಗೊಂಬೆ ಹೂಂ ಅನ್ನಬೇಕು.

ಈ ಬಿಸಿಲಿಗೆ ಯಂತ್ರದ ನೆನಪು ನಿಲ್ಲದು. ಗೊಂಬೆಗಳು ಕೆಡುತ್ತವೆ, ಒಂದರ ಕೈ ಇನ್ನೊಂದಕ್ಕೆ ಅಂಟುತ್ತದೆ. ಅದಕ್ಕೇ ಪ್ರತಿ ಸಂಜೆ ಯಂತ್ರ ಒಂದೊಂದು ಗೊಂಬೆಯನ್ನೂ ಬಿಚ್ಚಿ ಒಂದೊಂದು ಸಾಲಾಗಿ ಕಡತದಲ್ಲಿ ಬರೆದಿಡುತ್ತದೆ. ಬೆಳಗಿನ ಜಾವ ಓದುವ ಪ್ರೋಗ್ರಾಂ ಆ ಕಡತ ತೆಗೆದು, ಸಾಲು ಸಾಲಾಗಿ ಓದಿ, ಗೆರೆ ಇದ್ದಲ್ಲಿ ತುಂಡರಿಸಿ, ತುಂಡು ಜೋಡಿಸಿ ಮತ್ತೆ ಗೊಂಬೆ ಮಾಡುತ್ತದೆ. ನಾಲ್ಕನೇ ಮನೆಯ ಒಂದು ಸಾಲು ಹೀಗಿತ್ತು:

4 | ತುಂಗಾ | ತಾಯಿ ಹುಲಿಗೆಮ್ಮ | 7 | ನೀರು ಅರ್ಧ ಪಾಲು | ಮನೆ, ಶಾಲೆ, ಆಸ್ಪತ್ರೆ

ಇಷ್ಟೇ ಆ ಹುಡುಗಿ. ಆಮೇಲೆ ಅವಳ ಅವ್ವನ ಸಾಲು, ಅಪ್ಪನದು, ಅಜ್ಜಿಯದು. ಯಂತ್ರ ಮನೆ ನಂಬರಿನ ಕ್ರಮದಲ್ಲಿ ಬರೆಯುತ್ತದೆ. ಮನೆಯೊಳಗೆ ಚಿಕ್ಕವರನ್ನು ಮೊದಲು. ಮಕ್ಕಳಿಗೆ ಮೊದಲು ನೀರು ಸಿಗಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು ಅದು.

ತುಂಗಾಳ ಅವ್ವ ಹುಲಿಗೆಮ್ಮ ಕಂಟ್ರೋಲ್ ರೂಮಿನಲ್ಲಿ ಕಡತ ನೋಡಿಕೊಳ್ಳುವವಳು. ಗಂಡ ದೂರದಲ್ಲಿ, ಕರೆಂಟು ಮಾಡುವ ಬಿಸಿಲು ಹಲಗೆಗಳ ಹೊಲದಲ್ಲಿ. ತಿಂಗಳಿಗೊಮ್ಮೆ ಲಾರಿ ಹತ್ತಿ ಬಂದು ಹೋಗುತ್ತಾನೆ. ಮನೆಯಲ್ಲಿ ಅತ್ತೆ ದುರುಗಮ್ಮ. ಅವಳ ನಾಲಿಗೆಗೆ ಇಡೀ ಓಣಿ ಹೆದರುತ್ತಿತ್ತು.

ಖಾಜಾಸಾಬನ ಮಣ್ಣಾದ ಮರುದಿನ ಹುಲಿಗೆಮ್ಮ ಅಗಸಿಗೆ ರೊಟ್ಟಿ ಒಯ್ದಿದ್ದಳು. ಮಾಬಮ್ಮ ರೊಟ್ಟಿ ಮುಟ್ಟಲಿಲ್ಲ.

"ನಿಮ್ ಗೊಂಬಿಗೆ ಹಾಕು ಹೋಗು," ಅಂದಳು.

ಹುಲಿಗೆಮ್ಮ ನಲ್ಲಿಯ ಕಡೆ ನೋಡುತ್ತ ನಿಂತಳು. ನೀರಿನ ಪಾಳಿ ಶುರುವಾಗಿತ್ತು. ಪಾಳಿಯ ಎಲ್ಲಕ್ಕಿಂತ ಮುಂದೆ ಒಂದು ನೆಗ್ಗಿದ ಕೊಡ, ಅದರ ಹಿಂದೆ ಯಾರೂ ಇಲ್ಲ. ಒಬ್ಬ ಮುದುಕ ನಲ್ಲಿ ತಿರುವಿದ. ಬಿಸಿಲಿಗೆ ಕೊಳವೆಯಲ್ಲಿ ಕಾದ ನೀರು ಹೊಗೆಯಾಡುತ್ತ ಆ ಕೊಡಕ್ಕೆ ಬಿತ್ತು. ಅದು ತುಂಬಿದ ಮೇಲೆ ಪಕ್ಕಕ್ಕೆ ಸರಿಸಿ ಎರಡನೆಯವನು ತನ್ನ ಕೊಡ ಇಟ್ಟ. ಲಾರಿಯವರು ಎಂದಿನಿಂದಲೋ ಹಾಕಿಕೊಟ್ಟ ಪದ್ಧತಿ. ಮೊದಲ ನೀರು ಕೈ ಸುಡುತ್ತದೆ, ಅದಕ್ಕೆ ಯಾರದೂ ಅಲ್ಲದ ಒಂದು ಕೊಡ ಮುಂದಿಡುವುದು.

ಹುಲಿಗೆಮ್ಮನಿಗೆ ಅಲ್ಲೇ, ಆ ಹೊಗೆ ನೋಡುತ್ತ, ಎಲ್ಲ ತಿಳಿಯಿತು.

ಊರು ಕಟ್ಟಿದಾಗ ಕಡತ ಬರೆದವನು ಸಿದ್ರಾಮಪ್ಪ ಎಂಬ ಹಳೇ ಕಾಲದ ಗುಮಾಸ್ತ. ಕಿರಾಣಿ ಪಟ್ಟಿ ಬರೆದರೂ ಮೇಲೆ ॥ಶ್ರೀ॥ ಬರೆಯದೆ ಅವನ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಊರಿನ ಕಡತದ ತಲೆಗೂ ಅದನ್ನೇ ಬರೆದ. ಓದುವ ಪ್ರೋಗ್ರಾಂ ಮೊದಲ ದಿನವೇ ಅದರಲ್ಲಿ ಸಿಕ್ಕಿಬಿತ್ತು. ಶ್ರೀ ಎನ್ನುವವರ ವಯಸ್ಸೆಷ್ಟು, ನೀರಿನ ಪಾಲೆಷ್ಟು ಎಂದು ಕೇಳುತ್ತ ಕೂತಿತು. ಪ್ರೋಗ್ರಾಂ ಬರೆದ ಹುಡುಗ ಸಿದ್ರಾಮಪ್ಪನ ಜೊತೆ ವಾದ ಮಾಡಲಾರದೆ ಒಳಗೊಂದು ಮಾತು ಸೇರಿಸಿ, ಯಾರೂ ತಿದ್ದದಂತೆ ಮೊಹರು ಹಾಕಿ ಹೋದ: ಮೊದಲ ಸಾಲು ಏನೇ ಇರಲಿ, ಓದದೆ ಬಿಟ್ಟುಬಿಡು. ಅಂದಿನಿಂದ ಸಂಜೆ ಪಾಳಿಯಲ್ಲಿ ಯಾರಿರಲಿ, ಮನೆಯಲ್ಲಿ ದೀಪ ಹಚ್ಚಿದ ಹಾಗೆ, ಕಡತದ ತಲೆಯ ಮೇಲೆ ಶ್ರೀ ಒತ್ತುವುದು ರೂಢಿ. ಯಾಕೆಂದು ಕೇಳಿದವರಿಲ್ಲ. ಹುಲಿಗೆಮ್ಮನೂ ಎಷ್ಟೋ ವರ್ಷ ಒತ್ತಿದ್ದಳು.

ಆಮೇಲೆ ರಾಜಧಾನಿಯಿಂದ ಮುಖ್ಯಾಧಿಕಾರಿಯಾಗಿ ಕಾಂತರಾಜು ಬಂದರು. ಬಂದ ಹೊಸದರಲ್ಲೇ ಜನರ ತಲೆ ಎಣಿಸಿದರು, ಕಡತದ ಸಾಲು ಎಣಿಸಿದರು. ಕಡತದಲ್ಲಿ ಒಂದು ಸಾಲು ಹೆಚ್ಚಿತ್ತು.

"ಸರ್ಕಾರಿ ಕಡತದಲ್ಲಿ ದೇವರ ಹೆಸರು ಯಾಕ್ರೀ? ಇದೇನು ಮದುವೆ ಕರೆಯೋಲೆಯಾ?" ಎಂದು ಕೇಳಿ, ಒಂದು ಆಜ್ಞೆಗೆ ಹೆಬ್ಬೆಟ್ಟು ಒತ್ತಿದರು: ಮನುಷ್ಯನದಲ್ಲದ ಯಾವ ಸಾಲು ಕಡತದಲ್ಲಿ ಕಂಡರೂ ಯಂತ್ರ ಅದನ್ನು ಅಳಿಸಬೇಕು. ಊರಿನ ಪಟ್ಟಿಯಿಂದ ಒಬ್ಬ ಸುಳ್ಳು ನಾಗರಿಕನನ್ನು ತೆಗೆದುಹಾಕಿದ್ದೇನೆಂದು ರಾಜಧಾನಿಗೆ ವರದಿ ಕಳಿಸಿದರು. ಅಲ್ಲಿಂದ ಮೆಚ್ಚುಗೆ ಬಂತು.

ಮರುದಿನ ಬೆಳಗ್ಗೆ ಪ್ರೋಗ್ರಾಂ ತನ್ನ ಅಭ್ಯಾಸದಂತೆ ಮೊದಲ ಸಾಲು ಬಿಟ್ಟಿತು. ಅದು ಮಾಬಮ್ಮನ ಸಾಲು. ಗೊಂಬೆ ಆಗದಿದ್ದವಳನ್ನು ಸಂಜೆ ಯಂತ್ರ ಬರೆಯಲೂ ಇಲ್ಲ. ಹಾಗಾಗಿ ಮರುದಿನ ಮೊದಲ ಸಾಲು ಖಾಜಾಸಾಬನದಾಯಿತು. ಆಮೇಲೆ ಎರಡನೇ ಮನೆ. ಆಮೇಲೆ ಮೂರನೆಯದು. ದಿನಾ ಒಬ್ಬರನ್ನು ನುಂಗುತ್ತ ಅದು ಓಣಿಯಲ್ಲಿ ಮುಂದೆ ಬರುತ್ತಿತ್ತು.

ಮೂರನೇ ಮನೆಯ ಕೊನೆಯವನು ಅಗಸಿ ಸೇರಿದ ಬೆಳಗ್ಗೆ ಹುಲಿಗೆಮ್ಮ ಮಗಳ ತಲೆ ಬಾಚುತ್ತಿದ್ದಳು. ನಾಳೆ ಈ ತಲೆಯದೇ ಸರದಿ. ಎರಡು ಜಡೆ ಹಾಕುವಷ್ಟು ತಾಳ್ಮೆ ಇರಲಿಲ್ಲ, ಒಂದೇ ಹಾಕಿ ಬಿಗಿಯಾಗಿ ಎಳೆದಳು.

"ಯವ್ವಾ, ನೋಯ್ತೈತಿ!"

"ನೋಯ್ಲಿ, ಸುಮ್ಮನ ಕೂಡು."

ತುಂಗಾ ಕೈ ಬಿಡಿಸಿಕೊಂಡು ಓಣಿಗೆ ಓಡಿದಳು. ಐದನೇ ಮನೆಯ ಶರಣಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಮಗ ಚೆಂಡು ಹಿಡಿದು ತುಂಗಾಳ ಕಡೆ ಬಂದವನನ್ನು ರಟ್ಟೆ ಹಿಡಿದು ಎಳೆದು ಒಳಗೆ ದೂಡಿದಳು.

"ಅಕಿ ಕೂಡ ಆಡಬ್ಯಾಡ ಅಂತ ಹೇಳೀನಿಲ್ಲೋ?"

"ಯಾಕವ್ವಾ ಶರಣಮ್ಮ, ನಮ್ ಹುಡುಗಿಗೇನು ತಟ್ಟು ಎದ್ದಾವೇನು?" ದುರುಗಮ್ಮ ಒಳಗಿಂದಲೇ ಕೇಳಿದಳು.

"ಮೂರು ಮನಿ ಖಾಲಿ ಆದ್ವು. ಸುಮ್ ಸುಮ್ಮನ ಆಗ್ತಾವೇನು? ಸಾಹೇಬ್ರು ಹೇಳ್ಯಾರ, ಖೊಟ್ಟಿ ಮಾಹಿತಿ ಕೊಟ್ಟವ್ರ ಸಾಲು ಕೆಟ್ಟಾವಂತ. ನಿಮ್ದೇನೈತೋ ನಮಗೇನು ಗೊತ್ತು?"

"ನಮ್ದು ಕೆಟ್ಟ ಮರುದಿನಕ್ಕ ನಿಮ್ದೂ ಕೆಡತೈತಿ. ಮನಿ ನಂಬರ್ ಎಣಿಸಾಕ ಬರಂಗಿಲ್ಲೇನು ನಿನಗ?"

ಶರಣಮ್ಮ ಬಾಗಿಲು ಬಡಿದುಕೊಂಡಳು. ಊರೆಲ್ಲ ಹೀಗೇ ಆಗಿತ್ತು. ಕೊನೆ ಓಣಿಗಳಲ್ಲಿ ಜನ ಮೊದಲಿನಂತೆ ನಗುತ್ತ ಓಡಾಡುತ್ತಿದ್ದರು. ತಮ್ಮ ಸರದಿ ಬರಲು ವರ್ಷಗಟ್ಟಲೆ ಬೇಕು. ಸಾಹೇಬರ ಮನೆಯೂ ಅಲ್ಲೇ. ಅವರಿಗೆ ಬೇಕಾದವರು ಒಂದನೇ ಓಣಿ ಬಿಟ್ಟು ಅಲ್ಲಿಗೆ ಮನೆ ಬದಲಿಸಿಕೊಂಡಿದ್ದರು. ಮನೆ ಬದಲಿಸಲು ಮುಖ್ಯಾಧಿಕಾರಿಯ ಹೆಬ್ಬೆಟ್ಟು ಬೇಕು.

ಹುಲಿಗೆಮ್ಮ ಕಂಟ್ರೋಲ್ ರೂಮಿಗೆ ಹೋದವಳೇ ಕಾಂತರಾಜು ಅವರ ಮೇಜಿನ ಮುಂದೆ ನಿಂತಳು.

"ಸರ್, ಮೊದಲನೇ ಸಾಲಿನ ವಿಷಯ ನಿಮಗ ಹೋದ ವಾರನ ಹೇಳಿದ್ದೆ."

"ನಾನೂ ಉತ್ತರ ಹೇಳಿದ್ದೆ. ಪ್ರೋಗ್ರಾಂಗೆ ಮೊಹರು ಹಾಕಿದೆ. ರಾಜಧಾನಿಯವರು ಪರೀಕ್ಷೆ ಮಾಡಿ ಹಾಕಿರೋದು. ಅದು ಸರಿಯಾಗೇ ಇದೆ."

"ನಾಳೆ ನನ್ ಮಗಳ ಸರದಿ."

ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯನಂತೆ ಕಾಣುತ್ತಿರಲಿಲ್ಲ. ನಿದ್ದೆಗೆಟ್ಟ ಮನುಷ್ಯನಂತೆ ಕಾಣುತ್ತಿದ್ದರು.

"ಆಜ್ಞೆ ಹಿಂದಕ್ ತಗೋರಿ ಸರ್. ಮ್ಯಾಲ ಒಂದು ಸಾಲು ಬರೀತೀನಿ. ಶ್ರೀ ಬ್ಯಾಡಾದ್ರ ಬ್ಯಾರೇ ಏನರ ಬರೀತೀನಿ. ನಿಮ್ ಅಜ್ಜನ ಹೆಸರು ಬರೀ ಅಂದ್ರ ಅದನ್ನೂ ಬರೀತೀನಿ."

"ಆಜ್ಞೆ ಹಿಂದಕ್ಕೆ ತಗೊಂಡ್ರೆ ಏನರ್ಥ ಗೊತ್ತೇನಮ್ಮಾ? ನಾನು ಕೊಟ್ಟಿದ್ದು ತಪ್ಪು ಅಂತ. ಆ ಮುದುಕ ಸತ್ತಿದ್ದು ನನ್ನಿಂದ ಅಂತ."

"ಹಂಗಾದ್ರ ನಮ್ ಮನಿ ನಂಬರಾದ್ರೂ ಬದಲಿಸಿ ಕೊಡ್ರಿ."

"ನಿಮಗೆ ಬದಲಿಸಿ ಕೊಟ್ರೂ ಅದೇ ಅರ್ಥ. ಕಡತ ನೋಡೋಳೇ ಓಡಿಹೋದಳು ಅಂತ ಊರು ಮಾತಾಡುತ್ತೆ. ಮಧ್ಯಾಹ್ನ ಸಭೆ ಕರೆದಿದ್ದೇನೆ, ಎಲ್ಲರಿಗೂ ವಿವರಿಸ್ತೇನೆ. ನೀವು ಬದಲಿ ಹಲಗೆ ತಗೊಂಡು ಬನ್ನಿ. ಇನ್ನೂ ಕೆಲವರ ಅರ್ಜಿ ಇದೆ."

ಬದಲಿ ಹಲಗೆ ಎಂದರೆ ಹೆಬ್ಬೆಟ್ಟು ಒತ್ತುವ ಗಾಜಿನ ಹಲಗೆ. ಹುಲಿಗೆಮ್ಮ ಅದನ್ನು ಹಿಡಿದುಕೊಂಡು, ಅದರಿಂದಲೇ ಅವರ ತಲೆಗೆ ಬಡಿಯಬೇಕೆಂದುಕೊಳ್ಳುತ್ತ, ಹೊರಗೆ ಬಂದಳು.

ಸಭೆ ಊರ ನಡುವಿನ ಬಯಲಲ್ಲಿ. ಕೊನೆ ಓಣಿಯವರು ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದನೇ ಓಣಿಯವರು ಹಿಂದೆ ನಿಂತಿದ್ದರು. ಕಾಂತರಾಜು ಎದ್ದು ಲೆಕ್ಕ ಹೇಳಿದರು. ಊರಿನಲ್ಲಿ ಇಷ್ಟು ಜನ, ಕಡತದಲ್ಲಿ ಅಷ್ಟೇ ಸಾಲು, ಒಂದೂ ಹೆಚ್ಚಿಲ್ಲ.

"ಪ್ರೋಗ್ರಾಂ ತಪ್ಪು ಮಾಡೋದಿಲ್ಲ. ಯಾರ ಸಾಲು ಶುದ್ಧವಾಗಿದೆಯೋ ಅವರಿಗೆ ಯಾವ ಭಯವೂ ಬೇಡ. ಹೊರಗೆ ಹೋದವರು ತಮ್ಮ ದಾಖಲೆ ತರಲಿ, ಪರಿಶೀಲಿಸಿ ರಾಜಧಾನಿಗೆ ಶಿಫಾರಸು ಮಾಡ್ತೇನೆ."

ಮುಂದಿನ ಕುರ್ಚಿಗಳಿಂದ ಚಪ್ಪಾಳೆ ಬಂತು.

"ಸಾಹೇಬ್ರ," ಹಿಂದಿನಿಂದ ದುರುಗಮ್ಮನ ದನಿ. "ನಿಮ್ ಸಾಲು ಚಲೋ ಐತಿಲ್ರಿ?"

"ಖಂಡಿತ ಇದೆಯಮ್ಮಾ."

"ಒಂದು ಕುಂದೂ ಇಲ್ಲ?"

"ಇಲ್ಲ."

"ಹಂಗಾದ್ರ ಆ ಕೊನೀ ಓಣಿಯಾಗ ಯಾಕ ಬೇಯಾಕತ್ತೀರಿ? ಒಂದನೇ ಮನಿ ಖಾಲಿ ಬಿದ್ದೈತಿ. ತಂಪಿನ ಯಂತ್ರದ ಮಗ್ಗಲಕ ಐತಿ, ಊರಾಗ ಅಂಥಾ ತಂಪು ಮನಿ ಇನ್ನೊಂದಿಲ್ಲ. ಬರ್ರಿ, ನಮಗೂ ಸಾಹೇಬ್ರು ಮಗ್ಗಲಕ ಅದಾರ ಅಂತ ಧೈರ್ಯ. ಮುಂಜಾನೆ ಎದ್ದು ನಾನ ಚಾ ಕಾಸಿ ಕೊಡ್ತೀನಿ."

ಹಿಂದೆ ನಿಂತವರು ಹೋ ಎಂದರು. ಯಾರೋ ಸಿಳ್ಳೆ ಹೊಡೆದರು. ಮುಂದೆ ಕೂತವರು ಮೊದಲು ಗದರಿಸಿದರು. ಆಮೇಲೆ ಅವರೂ ಸಾಹೇಬರ ಮುಖ ನೋಡತೊಡಗಿದರು. ಆ ನೋಟ ಹುಲಿಗೆಮ್ಮನಿಗೆ ಕಂಡಿತು. ಅವಳು ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದು ಗಾಜಿನ ಹಲಗೆಯನ್ನು ಅವರ ಮುಂದೆ ಹಿಡಿದಳು. ಬದಲಿ ಅರ್ಜಿ ಅಷ್ಟರಲ್ಲೇ ತುಂಬಿದ್ದಳು.

"ಒಂದು ಹೆಬ್ಬೆಟ್ಟು, ಸರ್."

ಕಾಂತರಾಜು ಹಲಗೆ ನೋಡಿದರು, ಜನರನ್ನು ನೋಡಿದರು. ಮುಖದ ಬೆವರು ಒರೆಸಿಕೊಂಡು ನಕ್ಕರು. ಒತ್ತಿದರು.

ಸಂಜೆ ಯಂತ್ರ ಗೊಂಬೆಗಳನ್ನು ಬಿಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಹುಲಿಗೆಮ್ಮ ಒಬ್ಬಳೇ. ಅಧಿಕಾರಿ ಹೆಬ್ಬೆಟ್ಟು ಒತ್ತಿದರೆ ಸಾಲದು. ಕಡತ ನೋಡುವವರು ಒಪ್ಪಿಗೆ ಒತ್ತಿದ ಮೇಲೇ ಬದಲಿ ಜಾರಿಗೆ ಬರುವುದು. ಅವಳ ಪರದೆಯ ಮೇಲೆ ಒಂದೇ ಅರ್ಜಿ ಕಾಯುತ್ತಿತ್ತು. ಬಾಗಿಲು ತೆರೆಯಿತು. ಕಾಂತರಾಜು ಒಳಗೆ ಬಂದು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕುರ್ಚಿ ಎಳೆದು ಕೂತರು.

"ಹುಲಿಗೆಮ್ಮ, ಆ ಬದಲಿ ನಾಳೆ ಸಂಜೆ ಹಾಕೋಣ."

"ಯಾಕ್ರಿ ಸರ್?"

"ಸಾಮಾನು ಇನ್ನೂ ಸಾಗಿಸಿಲ್ಲ."

"ಕಡತಕ್ಕ ಸಾಮಾನು ಬೇಕಾಗಿಲ್ರಿ."

"ಇದು ನನ್ನ ಆಜ್ಞೆ ಅಂತ ತಿಳ್ಕೊಳ್ಳಿ."

"ಬರೆದು ಕೊಡ್ರಿ. ಕಾರಣ ಸಮೇತ."

ಅವರು ಪರದೆ ನೋಡಿದರು. ಪರದೆಯ ಮೂಲೆಯಲ್ಲಿ ಕಡತ ಮುಚ್ಚಲು ಉಳಿದ ಹೊತ್ತು ಕಡಿಮೆಯಾಗುತ್ತಿತ್ತು.

"ಮಗಳಿಗೋಸ್ಕರ ನನ್ನನ್ನ ಆ ಬಿಸಿಲಿಗೆ ಹಾಕ್ತೀಯೇನಮ್ಮಾ?"

ಹುಲಿಗೆಮ್ಮ ಕುರ್ಚಿ ತಿರುಗಿಸಿ ಅವರನ್ನು ನೇರ ನೋಡಿದಳು. "ಹಂಗಾದ್ರ ಒಂದನೇ ಮನಿಯವ್ರು ಬಿಸಿಲಿಗೆ ಬೀಳ್ತಾರ ಅಂತ ನಿಮಗ ಗೊತ್ತಿತ್ತು."

ಕಾಂತರಾಜು ನೆಲ ನೋಡಿದರು.

"ಯಾವತ್ತಿನಿಂದ ಗೊತ್ತು?"

"ನೀನು ಹೇಳಿದ ದಿನ ನಗು ಬಂತು. ಆಮೇಲೆ ಒಬ್ಬನೇ ಕೂತು ನೋಡಿದೆ." ಅವರ ದನಿ ತಗ್ಗಿತು. "ಅಷ್ಟೊತ್ತಿಗೆ ಮುದುಕ ಸತ್ತಿದ್ದ. ಇನ್ನೇನು ಮಾಡೋದಿತ್ತು?"

"ಇನ್ನೂ ಹೊತ್ತೈತಿ. ಆಜ್ಞೆ ಹಿಂದಕ್ ತಗೋರಿ. ಶ್ರೀ ಒತ್ತತೀನಿ. ಅರ್ಜಿ ಹರಿದು ಒಗೀತೀನಿ, ನಿಮ್ ಮನಿ ನಂಬರ್ ಮುಟ್ಟಂಗಿಲ್ಲ. ನನ್ ಮಗಳು ಒಳಗಿರತಾಳ, ನೀವೂ ಒಳಗಿರತೀರಿ."

ಅವಳು ಹಲಗೆ ಮುಂದಿಟ್ಟಳು. ಕಾಂತರಾಜು ಹೆಬ್ಬೆಟ್ಟು ಎತ್ತಿದರು. ಅದು ಗಾಜಿಗೆ ಕೂದಲೆಳೆಯಷ್ಟು ಹತ್ತಿರ ಬಂದು ನಿಂತಿತು. ಅವರು ಕೈ ಮುದುಡಿಕೊಂಡು ಜೇಬಿಗೆ ಹಾಕಿದರು.

"ವಿಚಾರಣೆ ಬರುತ್ತೆ. ಜೈಲಿಗೆ ಹಾಕ್ತಾರೆ ನನ್ನ. ಬೇರೆ ದಾರಿ ಇದೆ, ಕೇಳು. ನಿಮ್ಮನೆಯನ್ನ ಇವತ್ತೇ ಕೊನೆ ಓಣಿಗೆ ಬದಲಿಸಿ ಕೊಡ್ತೀನಿ. ನನ್ನದನ್ನೂ ಅಲ್ಲೇ ಬಿಡು. ಐದನೇ ಮನೆಯವರು ಮೊದಲಾಗ್ತಾರೆ. ನಿಮಗೂ ಅವರಿಗೂ ಅಷ್ಟಕ್ಕಷ್ಟೇ ಅಂತ ಕೇಳಿದ್ದೀನಿ."

ಹುಲಿಗೆಮ್ಮನಿಗೆ ಶರಣಮ್ಮನ ಬಡಿದ ಬಾಗಿಲು ನೆನಪಾಯಿತು. ಒಂದು ಗಳಿಗೆ, ನಿಜವಾಗಿಯೂ ಒಂದು ಗಳಿಗೆ, ಅವಳಿಗೆ ಆ ಮಾತು ಸಿಹಿಯಾಗಿತ್ತು. ಆ ಬಾಗಿಲಿಗೆ ಸರಿಯಾದ ಉತ್ತರ. ಮಗಳು ಕೊನೆ ಓಣಿಯಲ್ಲಿ, ವರ್ಷಗಟ್ಟಲೆ ಸುಖವಾಗಿ. ಆದರೆ ನಾಳೆ ಹೊರಬೀಳುವುದು ಶರಣಮ್ಮನಲ್ಲ, ಚಿಕ್ಕವರು ಮೊದಲು. ಚೆಂಡು ಹಿಡಿದು ಬಂದ ಆ ಹುಡುಗ. ನಾಡಿದ್ದು ಇನ್ನೊಂದು ಮನೆಯ ಹುಡುಗಿ. ದಿನಾ ಸಂಜೆ ಒಬ್ಬೊಬ್ಬ ತಾಯಿ ಬಂದು ಈ ಕುರ್ಚಿಯ ಮುಂದೆ ನಿಲ್ಲುತ್ತಾಳೆ. ಅವಳಿಗೆ ತಾನು ಈ ಮನುಷ್ಯನ ದನಿಯಲ್ಲೇ ಉತ್ತರ ಹೇಳಬೇಕಾಗುತ್ತದೆ. ಅದು ಯೋಚನೆಗೆ ಬಂದಾಗ ಅವಳಿಗೆ ಕರುಣೆಯಲ್ಲ, ಹೇಸಿಗೆ ಬಂತು.

"ನಿಮ್ ಸಾಲು ಶುದ್ಧ ಐತಿ ಅಂದ್ರಲ್ಲ ಸರ್," ಎಂದು ಹೇಳಿ ಒಪ್ಪಿಗೆ ಒತ್ತಿದಳು.

ಅವರು ಅವಳ ಕೈ ಹಿಡಿಯಲು ಹಾರಿದರು. ಪರದೆಯ ಮೇಲೆ ಸಾಲುಗಳು ಆಗಲೇ ಒಂದರ ಕೆಳಗೊಂದು ಇಳಿಯುತ್ತಿದ್ದವು. ಎಲ್ಲಕ್ಕಿಂತ ಮೇಲೆ: 1 | ಕಾಂತರಾಜು. ಅದರ ಕೆಳಗೆ: 4 | ತುಂಗಾ. ಕಡತ ಮುಚ್ಚಿತು. ಇನ್ನು ಬೆಳಗಿನ ತನಕ ಯಾರ ಹೆಬ್ಬೆಟ್ಟಿಗೂ ಅದು ತೆರೆಯದು.

ಬೆಳಗಿನ ಜಾವ ಗೊಂಬೆ ಮಾಡುವಾಗ ಹುಲಿಗೆಮ್ಮ ಪರದೆಯ ಮುಂದೆಯೇ ಇದ್ದಳು. ತನ್ನ ಲೆಕ್ಕ ತಪ್ಪಿದ್ದರೆ ಎಂಬ ಭಯ ಇದ್ದೇ ಇತ್ತು. ಪ್ರೋಗ್ರಾಂ ಎದ್ದಿತು, ಕಡತ ತೆರೆಯಿತು, ಒಂದು ಸಾಲು ಹಾರಿಸಿತು. ಮೊದಲ ಹೆಸರು ಮೂಡಿತು: ತುಂಗಾ, ಸಿದ್ಧ. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಆಮೇಲೆ ಅವಳದೇ ಹೆಸರು, ಗಂಡನದು, ದುರುಗಮ್ಮನದು, ಎಲ್ಲ ಸಿದ್ಧ. ಐದನೇ ಮನೆಯ ಹುಡುಗ, ಸಿದ್ಧ. ಹಾಗೇ ಊರೆಲ್ಲ.

ಆಮೇಲೆ ಅವಳು ಯೋಚಿಸಿರದ ಒಂದು ಮಾತು ಪರದೆಯ ಮೇಲೆ ಬಂತು: ಮನುಷ್ಯನದಲ್ಲದ ಸಾಲು ಅಳಿಸುವ ಆಜ್ಞೆ ರದ್ದಾಗಿದೆ, ಆಜ್ಞೆ ಕೊಟ್ಟವರು ಕಂಡುಬಂದಿಲ್ಲ. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಇಂದು ಸಂಜೆ ಶ್ರೀ ಒತ್ತಬಹುದು. ಇನ್ನು ಒಬ್ಬರೂ ಬೀಳುವುದಿಲ್ಲ. ನಗು ಬಾಯಲ್ಲಿರುವಾಗಲೇ ಅದರ ಕೆಳಗಿನ ಮಾತು ಓದಿದಳು: ಹೊರಗಿನವರ ಅರ್ಜಿಗಳನ್ನು ತಡೆಹಿಡಿಯಲಾಗಿದೆ, ಶಿಫಾರಸು ಮಾಡಬೇಕಾದ ಮುಖ್ಯಾಧಿಕಾರಿ ಕಂಡುಬಂದಿಲ್ಲ.

ಹೊಸ ಮನುಷ್ಯನ ಸಾಲು ಸೇರಿಸುವ ಬೀಗ ರಾಜಧಾನಿಯದು. ಆ ಬೀಗಕ್ಕೆ ಅರ್ಜಿ ಮುಟ್ಟಿಸುವ ಹೆಬ್ಬೆಟ್ಟು ಒಂದೇ. ಅದನ್ನು ಅವಳೇ ಅಗಸಿಗೆ ಹಾಕಿದ್ದಳು.

ಸಂಜೆ ಕಡತದ ತಲೆಯ ಮೇಲೆ ॥ಶ್ರೀ॥ ಒತ್ತಿದಳು. ಮರುದಿನ ಊರಿನಲ್ಲಿ ಯಾರೂ ಬೀಳಲಿಲ್ಲ. ಶರಣಮ್ಮ ಮಗನನ್ನು ಆಡಲು ಬಿಟ್ಟಳು, ಹುಲಿಗೆಮ್ಮನ ಮುಖ ಮಾತ್ರ ನೋಡಲಿಲ್ಲ. ದುರುಗಮ್ಮ ರೊಟ್ಟಿ ಬುತ್ತಿ ಕಟ್ಟಿಕೊಟ್ಟಳು. ಹುಲಿಗೆಮ್ಮ ಅದನ್ನು ಹೊತ್ತು ಊರ ಬಾಗಿಲು ದಾಟಿದಳು. ಬಿಸಿಲು ಮುಖಕ್ಕೆ ಬಡಿಯಿತು.

ತಗಡಿನ ಕೆಳಗೆ ಎರಡು ಗುಂಪು. ಒಂದು ಕಡೆ ಹೊರಬಿದ್ದವರೆಲ್ಲ. ಇನ್ನೊಂದು ಕಡೆ, ತಗಡು ಹರಿದು ಬಿಸಿಲು ಇಳಿಯುವ ಮೂಲೆಯಲ್ಲಿ, ಕಾಂತರಾಜು ಒಬ್ಬರೇ. ಮನೆ ನಿನ್ನೆ ಅವರನ್ನು ಹೊರಗೆ ಹಾಕಿದಾಗ ಹಾಕಿಕೊಂಡಿದ್ದ ಅಂಗಿ ಬೆವರಿಗೆ ಮೈಗಂಟಿತ್ತು. ತುಟಿ ಒಡೆದಿದ್ದವು. ಕೊನೆ ಓಣಿಯವರು ಯಾರೂ ಅವರಿಗೆ ಬುತ್ತಿ ತಂದಿರಲಿಲ್ಲ.

ಹುಲಿಗೆಮ್ಮ ಎಲ್ಲ ಹೇಳಿದಳು. ಮಾಬಮ್ಮ ಕಣ್ಣು ಮಿಟುಕಿಸದೆ ಕೇಳಿದಳು.

"ಅಂದ್ರ ನಿನ್ ಮಗಳು ಒಳಗ."

"ಹೂಂ."

"ನಾವು ಹೊರಗ."

"ಹೊಸ ಸಾಹೇಬ್ರು ಬರೋ ತನಕ, ಅಮ್ಮಾ."

"ಯಾವಾಗ ಬರ್ತಾರ?"

"ಹಳೇ ಸಾಹೇಬ್ರು ಇಲ್ಲ ಅಂತ ರಾಜಧಾನಿಗೆ ತಿಳೀಬೇಕು. ಅದನ್ನ ತಿಳಿಸಾಕ..."

"ಹಳೇ ಸಾಹೇಬನ ಹೆಬ್ಬೆಟ್ಟು ಬೇಕು," ಎಂದು ಮಾಬಮ್ಮ ಮುಗಿಸಿದಳು. "ಭಾಳ ಶಾಣ್ಯಾ ಅದೀರವ್ವ ನೀವೆಲ್ಲಾ."

"ಲಾರಿಯವ್ರ ಕೂಡ ನನ್ ಗಂಡಗ ಹೇಳಿ ಕಳಸೀನಿ. ರಾಜಧಾನಿಗೆ ಹೋಗಿ ಬಾಯಿಂದ ಹೇಳತಾನ. ಅಲ್ಲೀತನಕ ದಿನಾ ನಾನ ರೊಟ್ಟಿ ತರತೀನಿ."

ಮಾಬಮ್ಮ ಬುತ್ತಿ ಈಸಿಕೊಂಡಳು. ಈ ಸಲ ಬೇಡ ಅನ್ನಲಿಲ್ಲ. ಕ್ಷಮಿಸಿದ ಹಾಗೂ ಕಾಣಲಿಲ್ಲ. ಹೊಟ್ಟೆಗಿಲ್ಲದವರು ತುಂಬಾ ಜನ ಇದ್ದರು, ಅಷ್ಟೇ.

ಕಾಂತರಾಜು ಎದ್ದು ಬಂದರು. "ಹುಲಿಗೆಮ್ಮ, ಈಗ ಒತ್ತುತೀನಿ. ಆಜ್ಞೆ ಹಿಂದಕ್ಕೆ, ಶಿಫಾರಸು, ಏನು ಬೇಕೋ ಎಲ್ಲಾ. ಹಲಗೆ ಕೊಡು."

ಅವಳು ಹಲಗೆ ತಂದಿದ್ದಳು. ಚೀಲದಿಂದ ತೆಗೆದು ಕೊಟ್ಟಳು. ಅವರು ಹೆಬ್ಬೆಟ್ಟು ಒತ್ತಿದರು, ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು, ಉಗುರು ಬೆಳ್ಳಗಾಗುವಷ್ಟು ಒತ್ತಿದರು. ಗಾಜು ಕೆಂಪಗೇ ಇತ್ತು.

ಅಷ್ಟರಲ್ಲಿ ನೀರು ಬಿಡುವ ಹೊತ್ತಾಯಿತು. ಜನ ಕೊಡ ಹಿಡಿದು ಪಾಳಿಗೆ ನಿಂತರು. ಎಲ್ಲಕ್ಕಿಂತ ಮುಂದೆ ಆ ನೆಗ್ಗಿದ ಕೊಡ ಒಂದೇ ಕೂತಿತ್ತು. ಕಾಂತರಾಜು ಹಲಗೆ ಕೆಳಗೆ ಬಿಟ್ಟು ನಲ್ಲಿಯ ಕಡೆ ನಡೆದರು. ನಡೆದರು ಅನ್ನುವುದಕ್ಕಿಂತ ಮುಗ್ಗರಿಸಿದರು. ಯಾರದೂ ಅಲ್ಲದ ಕೊಡವನ್ನು ಕಾಲಿಂದ ಪಕ್ಕಕ್ಕೆ ಉರುಳಿಸಿ, ಪಾಳಿಯ ತಲೆಗೆ ನಿಂತು, ಎರಡೂ ಕೈ ಬೊಗಸೆ ಮಾಡಿ ನಲ್ಲಿಯ ಕೆಳಗೆ ಹಿಡಿದರು.

ಹುಲಿಗೆಮ್ಮ ಬಾಯಿ ತೆರೆದಳು. ಮಾಬಮ್ಮ ಅವಳನ್ನು ನೋಡಿದಳು. ಹುಲಿಗೆಮ್ಮ ಬಾಯಿ ಮುಚ್ಚಿಕೊಂಡಳು. ಪಾಳಿಯಲ್ಲಿ ನಿಂತವರು ಯಾರೂ ಬೇಡ ಅನ್ನಲಿಲ್ಲ.

ಮಾಬಮ್ಮ ಹೋಗಿ ನಲ್ಲಿ ತಿರುವಿದಳು.

ಕೂಗು ಊರ ಚಾವಣಿಗೆ ತಾಗಿ ತಿರುಗಿ ಬಂತು. ಕಾಂತರಾಜು ಕೆಂಪಾದ ಕೈಗಳನ್ನು ಎದೆಗವುಚಿಕೊಂಡು ಕಲ್ಲಿನ ಮೇಲೆ ಕುಕ್ಕರಿಸಿದರು. ಮಾಬಮ್ಮ ನಲ್ಲಿ ನಿಲ್ಲಿಸಿ, ಉರುಳಿಬಿದ್ದ ಕೊಡ ಎತ್ತಿ, ಮಣ್ಣು ಕೊಡವಿ, ಅದರ ಜಾಗದಲ್ಲೇ ಇಟ್ಟಳು.

"ಇದಕ್ಕ ಸಾಹೇಬ," ಎಂದಳು, "ಮುಂದ ಒಂದು ಖಾಲಿ ಕೊಡ ಇಡೋದು."